ಎತ್ತು ಮಾರಿದ್ರೆ ವ್ಯಾಪಾರ, ಮಂಚ ಮಾರಿದ್ರೆ ದಿವಾಳಿ!

ಹೇಮಗಿರಿ ಜಾತ್ರೆಗೋ ಬೇಬಿ ಬೆಟ್ಟದ ಜಾತ್ರೆಗೋ ಹೋದವರಿಗೆ ಗೊತ್ತು, ದನದ ವ್ಯಾಪಾರ ಹೇಗೆ ನಡೆಯುತ್ತೆ ಅಂತ. ಟವೆಲ್ ಅಡಿಯಲ್ಲಿ ಬೆರಳು ಹಿಡ್ಕೊಂಡು, ಮುಖದಲ್ಲಿ ಏನೂ ತೋರಿಸದೆ ಬೆಲೆ ಕಟ್ತಾರೆ. ಮಗನ ಥರ ಸಾಕಿದ ಜೋಡಿ ಎತ್ತಿಗೆ ಹಾರ ಹಾಕಿ, ತಮಟೆ ಹೊಡೆಸಿ, ಮೆರವಣಿಗೆಯಲ್ಲಿ ಕರ್ಕೊಂಡು ಬಂದು ಮಾರ್ತಾರೆ. ಯಾರಾದ್ರೂ ‘ಅಯ್ಯೋ ಪಾಪ’ ಅಂತಾರಾ? ಇಲ್ಲ. ‘ಒಳ್ಳೆ ರೇಟಿಗೆ ಹೋಯ್ತಂತೆ ಕಣ್ಲಾ’ ಅಂತ ಊರೆಲ್ಲಾ ಹೊಗಳ್ತಾರೆ. ಅದೇ ಮನುಷ್ಯ ಮೂಲೆಗೆ ಬಿದ್ದಿರೋ ಒಂದು ಮಂಚ, ಒಂದು ಹೊಲಿಗೆ ಮಿಷನ್ನು ಜಗಲಿಗೆ ತಂದಿಟ್ಟು ‘ಇದು ಮಾರಕ್ಕಿದೆ’ ಅಂದ್ರೆ ಮುಗೀತು. ‘ಏನ್ ಬಂತಪ್ಪ ನಿಂಗೆ? ಮನೆ ಸಾಮಾನು ಮಾರ್ಕಂಡು ತಿನ್ನೋ ಗತಿ ಬಂತಾ?’

ಈ ಮಾತಿಗೆ ಹೆದರಿಕೊಂಡೇ ಮಂಡ್ಯ ಸೀಮೆಯ ಅರ್ಧಕ್ಕರ್ಧ ಮನೆಗಳ ಅಟ್ಟ ಇವತ್ತು ಕುಸಿದು ಬೀಳೋ ಹಾಗಿದೆ ಅನ್ನೋದು ನನ್ನ ವಾದ.

ಅಮೆರಿಕಕ್ಕೆ ಹೋದ ನಮ್ಮ ಹುಡುಗರನ್ನ ನೋಡಿ. ಹೋದ ಹೊಸದರಲ್ಲಿ ಅವರು ಕೂರೋ ಸೋಫಾ, ಮಲಗೋ ಮಂಚ, ಊಟದ ಮೇಜು ಎಲ್ಲಾ ಯಾರದೋ ಮನೆಯ ಗ್ಯಾರೇಜ್ ಸೇಲಿನಲ್ಲಿ ತಂದಿದ್ದು. ‘ಬರೀ 20 ಡಾಲರ್ ಕಣಪ್ಪ’ ಅಂತ ಫೋಟೋ ಬೇರೆ ಕಳಿಸ್ತಾರೆ. ನಾವೂ ಬಂದವರಿಗೆಲ್ಲಾ ತೋರಿಸಿ ಖುಷಿ ಪಡ್ತೀವಿ. ಅದೇ ಹುಡುಗ ರಜಕ್ಕೆ ಊರಿಗೆ ಬಂದಾಗ ಅವರವ್ವ ಹಳೇ ಬೀರು ಮಾರ್ತೀನಿ ಅಂದ್ರೆ ‘ಬೇಡ ಕಣವ್ವ, ಜನ ಏನಂದಾರು’ ಅಂತಾನೆ. ಕೆ.ಆರ್. ಪೇಟೆಯಲ್ಲಿ ಗ್ಯಾರೇಜು ಅಂದ್ರೆ ಸ್ಕೂಟರ್ ರಿಪೇರಿ ಅಂಗಡಿ. ಅದಿಲ್ದಿದ್ರೇನಂತೆ, ನಮಗೆ ಜಗಲಿ ಇದೆಯಲ್ಲ?

ಈ ನಾಚಿಕೆ ಸುಮ್ಮನೆ ಬಂದಿದ್ದಲ್ಲ ಅನ್ನೋದನ್ನೂ ಹೇಳಬೇಕು. ಮನೆ ಮುಂದೆ ಪಾತ್ರೆ ಪಗಡ ಬಂದು ಬಿದ್ದಿವೆ ಅಂದ್ರೆ ನಮ್ಮ ಹಿರೀಕರಿಗೆ ನೆನಪಾಗ್ತಿದ್ದದ್ದು ಒಂದೇ, ಜಪ್ತಿ. ಸಾಲದ ಬಾಕಿ, ಕಂದಾಯದ ಬಾಕಿ ಅಂತ ಬಂದವರು ಹಂಡೆ, ಕೊಪ್ಪರಿಗೆ, ಕೊನೆಗೆ ಬಾಗಿಲನ್ನೂ ಬಿಡದೆ ಬೀದಿಗೆ ಹಾಕಿ ಹರಾಜು ಕೂಗ್ತಿದ್ದ ಕಾಲ ಅದು. 1980ರಲ್ಲಿ ರೈತ ಸಂಘ ಹುಟ್ಟಿಕೊಂಡ ಮೇಲೆ, ಜಪ್ತಿಯಾದ ಸಾಮಾನನ್ನ ರೈತರೇ ಗುಂಪುಗೂಡಿ ಹೋಗಿ ವಾಪಸ್ ಹೊತ್ಕೊಂಡು ಬಂದರು. ಅದಕ್ಕೆ ‘ಮರುಜಪ್ತಿ’ ಅಂತ ಹೆಸರೇ ಬಿತ್ತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರು ಬೆಳೆದದ್ದು ಅದೇ ಚಳವಳಿಯಲ್ಲಿ. ಹಾಗಾಗಿ ಬೀದಿಗೆ ಬಂದ ಪಾತ್ರೆ ಅಂದ್ರೆ ಅವಮಾನ ಅನ್ನೋದು ನಮ್ಮ ರಕ್ತದಲ್ಲೇ ಸೇರಿಹೋಗಿದೆ. ಆದ್ರೆ ಸ್ವಲ್ಪ ನಿಧಾನಕ್ಕೆ ಯೋಚನೆ ಮಾಡಿ. ಆ ಹರಾಜಿನಲ್ಲಿ ಮರ್ಯಾದೆ ಹೋಗಿದ್ದು ಸಾಮಾನು ಮಾರಾಟ ಆಯ್ತು ಅಂತ ಅಲ್ಲ. ನಮ್ಮ ಸಾಮಾನಿಗೆ ಇನ್ಯಾರೋ ಬೆಲೆ ಕೂಗಿದರು, ನಾವು ಬಾಗಿಲಲ್ಲಿ ಬಾಯಿ ಮುಚ್ಕೊಂಡು ನಿಂತಿದ್ವಿ ಅಂತ.

ಇವತ್ತಿಗೂ ಆಗ್ತಿರೋದು ಅದೇ. ಜಪ್ತಿಯವರ ಜಾಗದಲ್ಲಿ ಗುಜರಿ ಟೆಂಪೋ ಬಂದಿದೆ ಅಷ್ಟೆ. ನಾಗಮಂಗಲದ ಕಡೆ ನಮ್ಮ ಚಿಕ್ಕವ್ವನ ಮನೆ ಇದೆ. ನಾಗಮಂಗಲ ಅಂದ್ರೆ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಚಿಕ್ಕವ್ವನ ಮದುವೇಲಿ ತವರಿನವರು ಕೊಟ್ಟ ಹಂಡೆ ಮೇಲೆ ಅವಳ ಹೆಸರನ್ನ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಮಗ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋವಾಗ ಅದು ಟೆಂಪೋ ಸೇರ್ತು. ಕೆ.ಜಿ.ಗೆ 300 ರೂಪಾಯಿ. ಹನ್ನೊಂದು ಕೆ.ಜಿ. ತೂಗಿದ್ದಕ್ಕೆ ‘ತಳದಲ್ಲಿ ಮಸಿ ಐತೆ’ ಅಂತ ಒಂದು ಕೆ.ಜಿ. ಕಳೆದ ಪುಣ್ಯಾತ್ಮ. ಮೂರು ಸಾವಿರ ರೂಪಾಯಿ ಮಗನ ಜೇಬಿಗೆ ಹೋಯ್ತು, ಅಲ್ಲಿಂದ ಸಿಮೆಂಟಿಗೆ. ಅದೇ ತಿಂಗಳು ಮೈಸೂರಿನ ಒಂದು ಅಂಗಡಿಯಲ್ಲಿ ಅಂಥದ್ದೇ ಹಂಡೆಗೆ ಹುಣಸೆಹಣ್ಣು ತಿಕ್ಕಿ ಫಳಫಳ ಅನಿಸಿ, 14,000 ರೂಪಾಯಿ ಚೀಟಿ ಅಂಟಿಸಿದ್ದನ್ನ ನಾನೇ ನೋಡಿದೆ. ರೆಸಾರ್ಟಿನವರು ಗಿಡ ಇಡೋಕೆ ತಗೊಂಡು ಹೋಗ್ತಾರಂತೆ. ಗುಜರಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಬಿಸಿಲಲ್ಲಿ ಸುತ್ತಿ ಹೊಟ್ಟೆ ಹೊರೆಯೋನು, ಹಿತ್ತಾಳೆ ಅವನಿಗೆ ಬರೀ ತೂಕ. ಚಿಕ್ಕವ್ವನ ಬಳುವಳಿಗೆ ಬೆಲೆ ಎಷ್ಟು ಅಂತ ಚಿಕ್ಕವ್ವನನ್ನೇ ಕೇಳದ ಮಗನ ಮೇಲೆ ಸಿಟ್ಟಿದೆ. ಅವಳು ‘ಹೋಗ್ಲಿ ಬುಡು, ಇನ್ನೇನ್ಮಾಡೋದು’ ಅಂದಳು. ನಮ್ಮ ಕಡೆ ಹೆಂಗಸರು ಹಾಗಂದ್ರು ಅಂದ್ರೆ ಒಪ್ಪಿಗೆ ಅಂತ ಅರ್ಥ ಅಲ್ಲ.

ಇನ್ನೊಬ್ಬರು ಬೆಲೆ ಕಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಉದಾಹರಣೆ ಎಲ್ಲಿದೆ? 1799ರ ಮೇ 4ಕ್ಕೆ ಕೋಟೆ ಬಿತ್ತು. ಮೊದಲು ಲೂಟಿ, ಆಮೇಲೆ ಕುಂಪಣಿ ಸೈನ್ಯದವರೇ ಕೂತು ಅರಮನೆ ಸಾಮಾನನ್ನ ಪಾಲು ಮಾಡಿ ಹರಾಜು ಹಾಕಿದರು. ಟಿಪ್ಪುವಿನ ಚಿನ್ನದ ತಗಡಿನ ಸಿಂಹಾಸನವನ್ನ ಹಾಗೇ ಇಟ್ಟರೆ ಹಂಚೋಕಾಗಲ್ಲ ಅಂತ ಒಡೆದು ಚೂರು ಮಾಡಿದರು, ಥೇಟ್ ಗುಜರಿ ಲೆಕ್ಕ. ಅದಕ್ಕಿದ್ದ ಪುಟ್ಟ ಹುಲಿತಲೆಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯ್ತು. 2023ರಲ್ಲಿ ಅದೇ ಕಂಪನಿ ಟಿಪ್ಪುವಿನ ಮಲಗೋ ಕೋಣೆಯ ಕತ್ತಿ ಅಂತ ಒಂದನ್ನ ಮಾರಿತು, ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ. ನಮ್ಮ ಅಟ್ಟದ ಮೇಲೆ ಹುಲಿತಲೆ ಇರೋದಿಲ್ಲ, ಒಪ್ಪಿದೆ. ಆದ್ರೆ ಚೂರು ಮಾಡಿ ತೂಕಕ್ಕೆ ಹಾಕೋ ಬುದ್ಧಿ ಮಾತ್ರ ಇನ್ನೂ ಹಾಗೇ ಇದೆ.

ಹಾಗಾದ್ರೆ ಏನ್ಮಾಡೋಣ ಅಂತೀರಾ? ನಾವೇ ಮಾರೋಣ. ಎರಡು ವರ್ಷದ ಹಿಂದೆ ಪಾಂಡವಪುರದಲ್ಲಿ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಮಾಡಿದ್ವಿ, ಚೆನ್ನಾಗೇ ನಡೀತು. ಒಂಟಿ ಮನೆ ಮಾರಾಟಕ್ಕಿಟ್ಟರೆ ‘ದಿವಾಳಿ’ ಅಂತಾರೆ, ನಾಲ್ಕು ಮನೆ ಸೇರಿದರೆ ‘ಏನೋ ಸಂತೆ ನಡೀತೈತೆ’ ಅಂತ ನೋಡೋಕೆ ಬರ್ತಾರೆ. ಇದೇ ಮೊದಲನೇ ಗುಟ್ಟು. ಕಾಲ ನೋಡ್ಕೋಬೇಕು. ಸಂಕ್ರಾಂತಿ ಕಳೆದು, ರಾಗಿ ಭತ್ತ ಮನೆಗೆ ಬಂದು, ಯುಗಾದಿಗೆ ಸುಣ್ಣ ಬಣ್ಣ ಹೊಡೆಯೋಕೆ ಮುಂಚೆ ಇದೆಯಲ್ಲ, ಅದೇ ಸರಿಯಾದ ಹೊತ್ತು. ಆಗ ಸಾಮಾನೂ ಹೊರಗೆ ಬಂದಿರುತ್ತೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತೆ. ಕಬ್ಬಿನ ದುಡ್ಡು ಬರಲಿ ಅಂತ ಕಾಯಬೇಡಿ, ಅದು ಯಾವಾಗ ಬರುತ್ತೆ ಅಂತ ಫ್ಯಾಕ್ಟರಿಯವರಿಗೇ ಗೊತ್ತಿರಲ್ಲ. ಪಿತೃಪಕ್ಷದಲ್ಲಂತೂ ಬೇಡವೇ ಬೇಡ.

ಮಾರೋಕೆ ಮುಂಚೆ ಟ್ರಂಕು, ಬೀರು, ಹಾಸಿಗೆ ಎಲ್ಲಾ ಬಿಚ್ಚಿ ನೋಡಿ. ಕ್ರಯಪತ್ರ, ಅಡವಿನ ಚೀಟಿ, ಜಾತಕ ಎಲ್ಲೆಲ್ಲಿ ಅಡಗಿರುತ್ತವೋ! ತಾಳೆಗರಿ ಕಟ್ಟು ಸಿಕ್ಕರೆ ಅದು ಮಾರೋ ವಸ್ತು ಅಲ್ಲ. ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸ್ಥೆ ಇದೆ, ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಂಥ ಒಂದು ಕಟ್ಟಿನಲ್ಲೇ. ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಅದನ್ನ ಜಗಲಿ ಮೇಲೆ ಇಡೋಕೆ ಹೋಗಬೇಡಿ. ಸೇರು, ಕೊಳಗ ಮಾರೋಕೆ ನಮ್ಮವ್ವ ಒಪ್ಪಲಿಲ್ಲ. ಅದು ಲಕ್ಷ್ಮಿಯಂತೆ. ನಾನು ವಾದ ಮಾಡೋಕೆ ಹೋಗಲಿಲ್ಲ. ಯಾಕಂದ್ರೆ ಯಾವುದನ್ನ ಮಾರಬಾರದು ಅಂತ ಹೇಳೋ ಹಕ್ಕೂ ಅವಳದ್ದೇ.

ಬೆಲೆ ಕಟ್ಟೋದು ಹೇಗೆ? ಗುಜರಿ ರೇಟು ಕೇಳ್ಕೊಳಿ, ಹೊಸದಕ್ಕೆ ಅಂಗಡಿ ರೇಟನ್ನೂ ಕೇಳ್ಕೊಳಿ. ಇವೆರಡರ ನಡುವೆ ಎಲ್ಲೋ ನಿಮ್ಮ ಬೆಲೆ ಇದೆ. ಚೌಕಾಸಿಗೆ ಅಂತ ಸ್ವಲ್ಪ ಮೇಲೆ ಹಾಕಿ, ಸೀಮೆಸುಣ್ಣದಲ್ಲಿ ದಪ್ಪಕ್ಕೆ ಬರೆದುಬಿಡಿ. ಬರೆದರೆ ಅರ್ಧ ಜಗಳ ಕಮ್ಮಿ. ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ ಇಡೋದಾದ್ರೆ ಒಳಗಿಂದ ವೈರ್ ಎಳೆದು ಅವರ ಮುಂದೇನೇ ಓಡಿಸಿ ತೋರಿಸಿ. ಕೆಟ್ಟಿದ್ದರೆ ‘ಕೆಟ್ಟಿದೆ’ ಅಂತ ಬರೀರಿ. ಕೆಟ್ಟ ಮಿಕ್ಸಿಗೂ ಗಿರಾಕಿ ಇದಾರೆ, ಸುಳ್ಳಿಗಿಲ್ಲ. ಮುಂದಿನ ಬೀದಿಯವರಿಗೇ ಮಾರಿರ್ತೀರಿ, ನಾಳೆ ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಮುಖ ನೋಡಬೇಕಲ್ಲ. ಸತ್ತವರು ಮಲಗಿದ್ದ ಮಂಚ ನಮ್ಮ ಕಡೆ ಹೋಗಲ್ಲ, ಅದನ್ನಿಟ್ಟು ಬೇರೆ ಸಾಮಾನಿನ ವ್ಯಾಪಾರ ಕೆಡಿಸ್ಕೋಬೇಡಿ. ಬೆಳಿಗ್ಗೆ ಬೇಗ ಶುರು ಮಾಡಿ, ದೀಪ ಹಚ್ಚೋ ಹೊತ್ತಿಗೆ ಮುಗಿಸಿ. ಆಮೇಲೆ ಮನೆಯಿಂದ ಏನನ್ನೂ ಹೊರಗೆ ಕೊಡಲ್ಲ ಅನ್ನೋರೇ ಜಾಸ್ತಿ.

ಎಲ್ಲಕ್ಕಿಂತ ಮುಖ್ಯ, ಜಗಲಿ ಮೇಲೆ ಕೂರೋದು ಮನೆ ಹೆಂಗಸು. ಬೆಂಗಳೂರಿಂದ ಬಂದ ಮಗ ಅಲ್ಲ. ಆ ಹಂಡೆಯಲ್ಲಿ ನೀರು ಕಾಯಿಸಿದೋಳು ಅವಳು, ಬೆಲೆ ಹೇಳೋದೂ ಅವಳೇ, ದುಡ್ಡು ಹೋಗೋದೂ ಅವಳ ಸೆರಗಿನ ಗಂಟಿಗೇ. ನಮ್ಮವ್ವನಿಗೆ ಅವತ್ತು 6,850 ರೂಪಾಯಿ ಬಂತು. ಏನು ಮಾಡಿದಳು ಅಂತ ಇವತ್ತಿನ ತನಕ ಹೇಳಿಲ್ಲ, ನಾವೂ ಕೇಳಿಲ್ಲ.

‘ಹಳೇದನ್ನ ಮಾರೋದ್ಯಾಕೆ, ಬಡವರಿಗೆ ಸುಮ್ಮನೆ ಕೊಟ್ಟರಾಯ್ತಲ್ಲ’ ಅನ್ನೋ ಧರ್ಮಾತ್ಮರು ಇದ್ದೇ ಇರ್ತಾರೆ. ಕೊಡಿ, ಯಾರು ಬೇಡ ಅಂದ್ರು? ಆದ್ರೆ ಮುಸುರೆ ತಿಕ್ಕೋ ಹೆಂಗಸಿಗೆ ಹರಕಲು ಸೀರೆ ಕೊಟ್ಟು, ಆರು ತಿಂಗಳು ಅದರ ಋಣದಲ್ಲಿ ಇನ್ನೆರಡು ಕೆಲಸ ಜಾಸ್ತಿ ಮಾಡಿಸ್ಕೊಳ್ಳೋದನ್ನ ನಾನು ದಾನ ಅನ್ನಲ್ಲ. ಅವತ್ತು ನಮ್ಮ ಜಗಲಿಗೆ ಹಿಂದಿನ ಬೀದಿಯ ಒಬ್ಬ ಹೆಣ್ಣುಮಗಳು ಬಂದು, ಮೂರು ಕುಕ್ಕರ್ ಮುಚ್ಚಳ ತೆಗೆದು ನೋಡಿ, ಒಂದನ್ನ ‘ರಬ್ಬರ್ ಹೋಗೈತೆ’ ಅಂತ ಪಕ್ಕಕ್ಕಿಟ್ಟು, ಇನ್ನೊಂದಕ್ಕೆ ‘ಇನ್ನೂರು ಜಾಸ್ತಿಯಾಯ್ತು ಕಣವ್ವ, ನೂರೈವತ್ತು ಮಾಡ್ಕೊ’ ಅಂತ ಚೌಕಾಸಿ ಮಾಡಿ ತಗೊಂಡು ಹೋದಳು. ಸುಮ್ಮನೆ ಕೊಟ್ಟಿದ್ದರೆ ರಬ್ಬರ್ ಹೋಗಿದ್ದೇ ಅವಳ ಪಾಲಿಗೆ ಬರ್ತಿತ್ತು, ಬಾಯಿ ಬಿಡೋ ಹಾಗೂ ಇರ್ತಿರಲಿಲ್ಲ.

ಸಂಜೆ ಉಳಿದಿದ್ದನ್ನ ಗುಜರಿ ಟೆಂಪೋಗೇ ಹಾಕಿದ್ವಿ. ತಕ್ಕಡಿ ಮಾತ್ರ ನಮ್ಮದು, ಪಕ್ಕದ ದಿನಸಿ ಅಂಗಡಿಯಿಂದ ತಂದಿದ್ದು. ಮಸಿ ಲೆಕ್ಕ ಈ ಸಲ ಬರಲಿಲ್ಲ. ಮುಂದಿನ ಯುಗಾದಿಗೆ ನೀವೂ ಮಾಡೋದಾದ್ರೆ ಹತ್ತು, ಇಪ್ಪತ್ತರ ನೋಟು ಹಿಂದಿನ ದಿನವೇ ತಂದಿಟ್ಕೊಳಿ. ಬೋಣಿಗೆ ಬಂದೋರೇ ಐನೂರರ ನೋಟು ಹಿಡ್ಕೊಂಡು ನಿಂತಿರ್ತಾರೆ.