ಕಣ್ಣಿಗೆ ಕಾಣದ ಹರಾಜುಕಟ್ಟೆ

ಹುಣಸೂರನ್ನು ದಾಟಿ ಮಡಿಕೇರಿಯ ಹೆದ್ದಾರಿಯಲ್ಲಿ ಮುಂದುವರಿದರೆ, ಪಿರಿಯಾಪಟ್ಟಣಕ್ಕೆ ಮೊದಲೇ ಸಿಕ್ಕುವ ಕಂಪಲಾಪುರಕ್ಕೆ ಹರಾಜು ಎಂಬುದು ಹೊಸ ಮಾತೇನೂ ಅಲ್ಲ. ತಂಬಾಕು ಮಂಡಲಿಯ ಹರಾಜು ಮಾರುಕಟ್ಟೆಗಳಲ್ಲಿ ಒಂದು ಆ ಊರಿನಲ್ಲಿಯೇ ಇದೆ. ಮಂಡಲಿಯು ಕರ್ನಾಟಕಕ್ಕೆ ಹರಾಜಿನ ಪದ್ಧತಿಯನ್ನು ತಂದದ್ದು 1984ರಲ್ಲಿ. ಬ್ಯಾರನ್ನಿನಲ್ಲಿ ಹದಗೊಂಡ ಹೊಗೆಸೊಪ್ಪಿನ ಬೇಲುಗಳು ಅಲ್ಲಿ ಸಾಲುಗಟ್ಟಿ ಕುಳಿತಿರುತ್ತವೆ. ಕೊಳ್ಳುವವರು ಸೊಪ್ಪನ್ನು ಕೈಯಲ್ಲಿ ಹಿಡಿದು, ಬಣ್ಣವನ್ನೂ ಹದವನ್ನೂ ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಕೂಗಿನ ಜಾಗದಲ್ಲಿ ಈಗ ಅಂಗೈ ಯಂತ್ರ ಬಂದಿದೆಯಾದರೂ, ಸರಕು ಕಣ್ಣೆದುರಿಗೇ ಇರುತ್ತದೆ, ತೂಕ ತಕ್ಕಡಿಯ ಮೇಲೇ ಆಗುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಬೆಳೆಗಾರನು ಬೇಲನ್ನು ಹಿಂದಕ್ಕೆ ಪಡೆಯಬಹುದು. ಹಣವಾದರೂ ನೇರವಾಗಿ ಕೈ ಬದಲಾಗದೆ, ಇಬ್ಬರಿಗೂ ಹೊಣೆಯಾದ ಮಂಡಲಿಯ ಮೂಲಕವೇ ಬ್ಯಾಂಕಿನ ಖಾತೆಗೆ ಸೇರುತ್ತದೆ. ಬೆಲೆಯ ಬಗೆಗೆ ಬೆಳೆಗಾರರ ಅಸಮಾಧಾನ ವರ್ಷವರ್ಷವೂ ಕೇಳಿಬರುವುದುಂಟು. ಅದು ಬೇರೆಯ ಮಾತು. ಸರಕೇ ಇಲ್ಲದ ಹರಾಜು ಮಾತ್ರ ಅಲ್ಲಿ ನಡೆಯಲಾರದು.

ಸೋಜಿಗವೆಂದರೆ, ಇಷ್ಟು ಎಚ್ಚರಿಕೆಯಿಂದ ಮಾರುವ ಗೃಹಸ್ಥನು ಕೊಳ್ಳುವ ಸಮಯದಲ್ಲಿ ಆ ಎಚ್ಚರಿಕೆಯನ್ನೆಲ್ಲ ಮನೆಯ ಗೂಟಕ್ಕೆ ನೇತುಹಾಕಿಬಿಡುತ್ತಾನೆ. ಸೊಪ್ಪಿನ ಹಣ ಖಾತೆಗೆ ಬಂದಿದೆ. ಹುಣಸೂರಿನ ಕಾಲೇಜಿಗೆ ಹೋಗುವ ಮಗನಿಗೆ ಒಂದು ಮೋಟಾರು ಸೈಕಲ್ಲು ಬೇಕು ಎಂದಿಟ್ಟುಕೊಳ್ಳೋಣ. ಫೋನಿನ ಪರದೆಯ ಮೇಲೆ ಅರವತ್ತು ಸಾವಿರದ ಬೈಕು ಇಪ್ಪತ್ತೆರಡು ಸಾವಿರಕ್ಕೆ ಕಾಣುತ್ತದೆ. ಮಾರುವಾತನು ತಾನು ಸೈನಿಕನೆಂದೂ, ದೂರದ ಗಡಿಗೆ ವರ್ಗವಾಗಿದೆಯೆಂದೂ, ಆದುದರಿಂದಲೇ ಇಷ್ಟು ಅಗ್ಗವೆಂದೂ ಹೇಳುತ್ತಾನೆ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ವಾಹನದ ಕಾಗದ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಕರ್ನಾಟಕದ ನಗರಗಳಲ್ಲಿ ಪೊಲೀಸರ ಮುಂದೆ ಮತ್ತೆ ಮತ್ತೆ ಬಂದಿರುವ ಕಥೆಯಿದು. ಚೀಟಿ ಬೇರೆ ಯಾರದೋ, ಚಿತ್ರ ಮತ್ತಾರದೋ. ಕೊಡಗಿನ ಹೆಬ್ಬಾಗಿಲಿನಂತಿರುವ ಈ ಸೀಮೆಯಲ್ಲಿ ಸೈನಿಕನ ಮಾತೆಂದರೆ ಜನ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆ ಗೌರವವನ್ನೇ ಈ ಖದೀಮರು ಬಂಡವಾಳ ಮಾಡಿಕೊಂಡಿರುವುದು ಹಣದ ಕಳವಿಗಿಂತ ಹೇಯವಾದುದು.

ಬೈಕನ್ನು ನೋಡಲು ಬರುತ್ತೇವೆಂದರೆ, ಅದು ದಂಡಿನ ಆವರಣದಲ್ಲಿದೆ, ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಉತ್ತರ ಬರುತ್ತದೆ. ಮೊದಲು ಎರಡು ಸಾವಿರ ಮುಂಗಡ. ಅನಂತರ ಸಾಗಾಣಿಕೆಯ ವೆಚ್ಚ. ಆಮೇಲೆ ತೆರಿಗೆ, ಅದರ ಬೆನ್ನಿಗೆ ‘ಮರಳಿ ಕೊಡುವ’ ಠೇವಣಿ. ಪ್ರತಿಯೊಂದು ಮೊತ್ತವೂ ಚಿಕ್ಕದು. ಕೊಟ್ಟದ್ದು ಮುಳುಗಬಾರದೆಂಬ ಆಸೆಯಿಂದಲೇ ಮುಂದಿನದನ್ನು ಕೊಡುವಂತೆ ಈ ಲೆಕ್ಕವನ್ನು ಹೆಣೆದಿರುತ್ತಾರೆ. ಕೊನೆಗೆ ಗಿರಾಕಿಯು ಮುನಿದು ಹಣವನ್ನು ಹಿಂದಕ್ಕೆ ಕೇಳಿದರೆ, ‘ಈ ಚೌಕಾಕಾರದ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುತ್ತಾರೆ. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಕ್ರಮವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದರೂ ಸ್ಕ್ಯಾನಿನ ದಾರಿ ತೆರೆದೇ ಇದೆ.

ಹರಾಜಿನ ಹೆಸರಿನಲ್ಲಿ ನಡೆಯುವ ಮೋಸಕ್ಕೆ ಇನ್ನೂ ಒಂದು ಮುಖವುಂಟು. ಅಮೆರಿಕದಲ್ಲಿ 1995ರಲ್ಲಿ ಹುಟ್ಟಿದ ಈಬೇ ಎಂಬ ಹರಾಜುಕಟ್ಟೆಯಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಸೂಚಕವಂತೆ. ಅದು ಕೆಟ್ಟಿದೆಯೆಂದು ತಿಳಿದೇ ಕೊಂಡವನು ಕೊಂಡನಂತೆ. ಭಾರತದಲ್ಲಿ ಬಾಜೀ ಎಂಬ ಸಂಸ್ಥೆಯನ್ನು 2004ರಲ್ಲಿ ಕೊಂಡು ಇಲ್ಲಿಗೂ ಕಾಲಿಟ್ಟ ಈಬೇಯ ಭಾರತದ ಮಳಿಗೆ 2018ರಲ್ಲಿ ಮುಚ್ಚಿಹೋಯಿತು. ಇಂಥ ಕಟ್ಟೆಗಳಲ್ಲಿ ಹರಾಜು ಸೋತವನಿಗೆ ಮರುದಿನ ಒಂದು ಪತ್ರ ಬರುತ್ತದೆ: ‘ಗೆದ್ದವನು ಹಿಂದೆಗೆದಿದ್ದಾನೆ, ವಸ್ತು ನಿಮ್ಮದೇ, ಹಣವನ್ನು ಮಾತ್ರ ಕಟ್ಟೆಯ ಹೊರಗೆ ನೇರವಾಗಿ ಕಳುಹಿಸಿ.’ ಆ ‘ಹೊರಗೆ’ ಎಂಬ ಒಂದು ಮಾತಿನಲ್ಲೇ ಇಡೀ ಮೋಸವಿದೆ. ಬ್ಯಾಂಕು ಜಪ್ತಿ ಮಾಡಿದ ಟ್ರ್ಯಾಕ್ಟರೆಂದು ಬರುವ ಜಾಹೀರಾತಿಗೂ ಇದೇ ಒರೆಗಲ್ಲು. ನಿಜವಾದ ಬ್ಯಾಂಕು ವಾಹನವನ್ನು ನೋಡಲು ಅವಕಾಶ ಕೊಡುತ್ತದೆ, ಮತ್ತು ಠೇವಣಿಯನ್ನು ಯಾವನೋ ಒಬ್ಬನ ಫೋನ್ ನಂಬರಿಗೆ ಕಳುಹಿಸೆನ್ನುವುದಿಲ್ಲ. ವಾಹನದ ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್‌ನಲ್ಲಿ ನೋಡುವುದು ಒಳ್ಳೆಯದೇ. ಆದರೆ ಕಳ್ಳನು ನಿಜವಾದ ವಾಹನದ ಸಂಖ್ಯೆಯನ್ನೇ ಕದ್ದು ಹಾಕಿರಬಹುದಾದ್ದರಿಂದ ಅದೊಂದೇ ಸಾಲದು.

ಹಿಂದಿನ ಕಾಲದಲ್ಲಿ ವಿ.ಪಿ.ಪಿ.ಯಲ್ಲಿ ಗಡಿಯಾರ ತರಿಸಿದವರಿಗೆ ಇಟ್ಟಿಗೆ ಚೂರು ಬಂದ ಕಥೆಗಳನ್ನು ಹಿರಿಯರು ನಗುತ್ತ ಹೇಳುತ್ತಾರೆ. ಇಂದಿನವರು ನಗುವುದಿಲ್ಲ, ಹೇಳುವುದೂ ಇಲ್ಲ. ಹೆಂಡತಿಗೆ ತಿಳಿದರೇನು ಗತಿ, ಸಂತೆಯಲ್ಲಿ ಜನ ಏನೆಂದಾರು ಎಂದು ಎರಡು ದಿನ ಮೂಲೆ ಹಿಡಿದು ಕೂಡುತ್ತಾರೆ. ಕಳ್ಳನಿಗೆ ಬೇಕಾದದ್ದೂ ಆ ಎರಡು ದಿನಗಳೇ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು, ಕೊನೆಗೆ ಯಾವುದೋ ಊರಿನ ಎಟಿಎಮ್ಮಿನಲ್ಲಿ ನಗದಾಗಲು ಹೆಚ್ಚು ಹೊತ್ತು ಬೇಡ. 1930 ಎಂಬ ಸಂಖ್ಯೆಗೆ ಕರೆಮಾಡಿದರೆ ದೂರು ಆಯಾ ಬ್ಯಾಂಕಿಗೆ ತಲಪುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಯುತ್ತಾರೆ, ಮುಂದೆ ಹೋಗಿದ್ದರೆ ಅದರ ಬೆನ್ನುಹತ್ತಿ ಮುಂದಿನ ಬ್ಯಾಂಕಿಗೆ ತಿಳಿಸುತ್ತಾರೆ. ಆದುದರಿಂದ ಲೆಕ್ಕಕ್ಕೆ ಬರುವುದು ಮೊದಲ ಒಂದೆರಡು ಗಂಟೆ. ತನ್ನ ಬ್ಯಾಂಕಿಗೂ ಆಗಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಟ್ಟನ್ನು ಬಿಟ್ಟುಕೊಟ್ಟಿದ್ದರೂ, ದೂರು ಕೊಟ್ಟ ಮೇಲೆ ಆಗುವ ನಷ್ಟ ಅವನ ಪಾಲಿನದಲ್ಲ.

ಕರೆಯ ಅನಂತರ ಸೈಬರ್ ಅಪರಾಧಗಳ ರಾಷ್ಟ್ರೀಯ ದೂರು ಜಾಲತಾಣದಲ್ಲಿ ವಿವರವನ್ನು ದಾಖಲಿಸಬೇಕು. ಜಾಹೀರಾತಿನ ಚಿತ್ರ, ಮಾತುಕತೆ, ಫೋನ್ ನಂಬರು, ಹಣ ಹೋದ ಗಂಟೆ, ಯುಪಿಐ ವ್ಯವಹಾರದ ಹನ್ನೆರಡು ಅಂಕೆಯ ಸಂಖ್ಯೆ ಇವೆಲ್ಲ ಬೇಕಾಗುತ್ತವೆ. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಿಹಾಕುವವರು ಕಳ್ಳನ ಹೆಜ್ಜೆಯ ಗುರುತನ್ನು ತಾವೇ ಅಳಿಸುತ್ತಾರೆ. ‘ಕಳ್ಳ ಉತ್ತರ ದೇಶದವನು, ಇಲ್ಲಿ ದೂರು ಕೊಟ್ಟೇನು ಫಲ’ ಎಂಬ ಮಾತಿಗೂ ಅರ್ಥವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಗಣಕದ ಮೂಲಕ ಅನ್ಯರ ವೇಷ ತೊಟ್ಟು ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಮೂರು ವರ್ಷದವರೆಗಿನ ಸೆರೆಮನೆಯನ್ನೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೂ ವಿಧಿಸುತ್ತದೆ.

ತಡೆದ ಹಣವಾದರೂ ಮರುದಿನವೇ ಕೈಸೇರುವುದಿಲ್ಲ. ಅದಕ್ಕೊಂದು ಕ್ರಮವಿದೆ, ಕಾಲ ಹಿಡಿಯುತ್ತದೆ. ಈ ಕಾಯುವ ದಿನಗಳಲ್ಲಿಯೇ ಎರಡನೆಯ ಕಳ್ಳನು ಬರುತ್ತಾನೆ. ತಾನು ಸೈಬರ್ ಠಾಣೆಯವನು, ಹಣ ಸಿಕ್ಕಿದೆ, ಬಿಡಿಸಲು ಮೂರು ಸಾವಿರ ಶುಲ್ಕ ಕಟ್ಟಿ ಎಂದು ಆತ ಬಹಳ ಮರ್ಯಾದೆಯಿಂದ ಮಾತನಾಡುತ್ತಾನೆ. ದೂರನ್ನು ಸ್ವೀಕರಿಸುವುದಕ್ಕಾಗಲಿ ಹಣವನ್ನು ಮರಳಿಸುವುದಕ್ಕಾಗಲಿ ಪೊಲೀಸರು ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಆ ಕರೆಯ ನಂಬರನ್ನೂ ಮೊದಲಿನ ದೂರಿಗೆ ಸೇರಿಸಿ ಕೊಡಬೇಕು.