ಬೆಳ್ಳಿತೆರೆಯ ಅರಸರು ಮತ್ತು ನಮ್ಮ ಸೀಮೆಯ ಜನ

ರಾಜಮಹಾರಾಜರ ಚಿತ್ರವೊಂದು ಕೊಪ್ಪಳಕ್ಕೋ ಗಂಗಾವತಿಗೋ ಬಂತೆಂದರೆ ಸುತ್ತಲ ಹಳ್ಳಿಗಳಲ್ಲಿ ಸಡಗರ ಏಳುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಜನ ಟಂಟಂ ಮಾಡಿಕೊಂಡು ಬರುತ್ತಾರೆ. ಬೇರೆ ಚಿತ್ರಕ್ಕೆ ಬಾರದ ಮುದುಕರೂ ಇದಕ್ಕೆ ಬರುತ್ತಾರೆ. ಈ ಆಸಕ್ತಿಯನ್ನು ನಾವು ಹಗುರಾಗಿ ಕಾಣುವವರಲ್ಲ. ತಾವು ತುಳಿಯುವ ನೆಲದಲ್ಲಿ ಹಿಂದೆ ಏನು ನಡೆಯಿತೆಂದು ತಿಳಿಯುವ ಹಂಬಲ ಅದರಲ್ಲಿದೆ. ಆ ಹಂಬಲಕ್ಕೆ ಸಿನೇಮಾದವರು ಏನನ್ನು ಉಣಬಡಿಸುತ್ತಿದ್ದಾರೆ ಎಂಬುದೇ ಇಂದು ಕೇಳಬೇಕಾದ ಪ್ರಶ್ನೆ.

ಮೊದಲು ಸಲ್ಲಬೇಕಾದ ಮನ್ನಣೆ ಸಲ್ಲಲಿ. 1956ರ ನವೆಂಬರ್ 1ರಂದು ನಮ್ಮ ಸೀಮೆ ಹೈದರಾಬಾದ ರಾಜ್ಯದಿಂದ ಬಿಡಿಸಿಕೊಂಡು ಕನ್ನಡನಾಡನ್ನು ಸೇರಿತು. ಉರ್ದುವಿನಲ್ಲಿ ಅಕ್ಷರ ಕಲಿತಿದ್ದ ಅಂದಿನ ಹಿರಿಯರಿಗೆ ಕನ್ನಡ ಅರಸರ ಹೆಸರನ್ನು ಪಾಠಶಾಲೆ ಹೇಳಿಕೊಟ್ಟಿರಲಿಲ್ಲ. 1960ರ ‘ರಣಧೀರ ಕಂಠೀರವ’, 1961ರ ‘ಕಿತ್ತೂರು ಚೆನ್ನಮ್ಮ’, 1967ರ ‘ಇಮ್ಮಡಿ ಪುಲಿಕೇಶಿ’, 1970ರ ‘ಶ್ರೀ ಕೃಷ್ಣದೇವರಾಯ’, 1975ರ ‘ಮಯೂರ’ ಆ ಕೆಲಸವನ್ನು ಮಾಡಿದವು. ಇವುಗಳಲ್ಲಿ ‘ರಣಧೀರ ಕಂಠೀರವ’ವಂತೂ ಕಲಾವಿದರೇ ಒಂದು ಸಂಘ ಕಟ್ಟಿಕೊಂಡು ನಿರ್ಮಿಸಿದ ಚಿತ್ರ. ‘ಇದು ನಮ್ಮ ನಾಡು’ ಎಂಬ ಭಾವನೆ ಮೂಡಿಸುವುದರಲ್ಲಿ ಆ ಚಿತ್ರಗಳ ಪಾಲು ದೊಡ್ಡದು.

ಆದರೆ ಅಭಿಮಾನ ಒಂದು, ತಿಳಿವಳಿಕೆ ಇನ್ನೊಂದು. ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ತರಗತಿಯಲ್ಲಿ, ‘ಕುಮಾರರಾಮ ಯಾರು?’ ಎಂದು ಕೇಳಿದೆವು. ಹುಡುಗರು ಒಕ್ಕೊರಲಿನಿಂದ ಚಿತ್ರನಟನ ಹೆಸರು ಹೇಳಿದರು. ನಕ್ಕು ಸುಮ್ಮನಾದೆವು. ಅವನು ಯಾರೊಡನೆ ಯುದ್ಧ ಮಾಡಿದನೆಂದು ಕೇಳಿದಾಗ, ಒಬ್ಬ ಹುಡುಗ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ತನ್ನ ಮುಸಲ್ಮಾನ ಗೆಳೆಯನತ್ತ ಬೆರಳು ತೋರಿಸಿ, ‘ಇವರ ಸಂಗಾಟ’ ಎಂದ. ಆಗ ನಮಗೆ ನಗು ಬರಲಿಲ್ಲ. ಬೆರಳು ತೋರಿಸಿಕೊಂಡ ಹುಡುಗ ತಲೆ ತಗ್ಗಿಸಿದ. ಅವರಿಬ್ಬರೂ ಒಂದೇ ಓಣಿಯವರು. ಅಲಾಯಿ ಹಬ್ಬದಲ್ಲಿ ಕೂಡಿಯೇ ಹೆಜ್ಜೆ ಹಾಕುವವರು.

ಹುಡುಗನ ತಪ್ಪು ಏನೂ ಇಲ್ಲ. ಅವನಿಗೆ ಇತಿಹಾಸ ತಲುಪಿದ ದಾರಿಯಲ್ಲಿಯೇ ದೋಷವಿದೆ. ಕುಮಾರರಾಮ ನಮ್ಮವನೇ. ಅವನ ಕುಮ್ಮಟದುರ್ಗ ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಬಳಿ ಇಂದಿಗೂ ಹಾಳು ಸುರಿಯುತ್ತಿದೆ. ಅವನ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. 2006ರಲ್ಲಿ ಎಚ್. ಆರ್. ಭಾರ್ಗವ ಅವರ ನಿರ್ದೇಶನದಲ್ಲಿ, ಶಿವರಾಜ್‌ಕುಮಾರ್ ಅಭಿನಯದಲ್ಲಿ ‘ಗಂಡುಗಲಿ ಕುಮಾರರಾಮ’ ಚಿತ್ರವೂ ಬಂದಿತು. ಆ ಚಿತ್ರದ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. 1327ರ ಸುಮಾರಿಗೆ ಕುಮ್ಮಟದ ಮೇಲೆ ದಿಲ್ಲಿಯ ದಂಡು ಬಂದದ್ದೇಕೆ ಎಂಬುದು ನಮ್ಮ ವಿಷಯ.

ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ದಿಲ್ಲಿಯ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಷಾಸ್ಪ್ ಸುಲ್ತಾನ ಮುಹಮ್ಮದ ಬಿನ್ ತುಘಲಕನ ಹತ್ತಿರದ ರಕ್ತಸಂಬಂಧಿ. ಸುಲ್ತಾನನ ವಿರುದ್ಧ ಬಂಡೆದ್ದು ಸೋತು, ಓಡಿಬಂದು ಕಂಪಿಲರಾಯನ ಆಶ್ರಯ ಬೇಡಿದ. ಕಂಪಿಲರಾಯ ಆಶ್ರಯ ಕೊಟ್ಟ. ‘ಅವನನ್ನು ಒಪ್ಪಿಸು’ ಎಂದು ಸುಲ್ತಾನ ಹೇಳಿಕಳಿಸಿದರೂ ಒಪ್ಪಿಸಲಿಲ್ಲ. ಮುತ್ತಿಗೆ ಬಿಗಿಯಾಗಿ ಕಾಳುಕಡಿ ತೀರುತ್ತ ಬಂದಾಗ, ಅತಿಥಿಯನ್ನು ಸುರಕ್ಷಿತವಾಗಿ ಇನ್ನೊಬ್ಬ ಅರಸನಲ್ಲಿಗೆ ಕಳಿಸಿ, ತಾನು ಕಾದಾಡಿ ಸತ್ತ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಇದನ್ನು ಬರೆದಿಟ್ಟವನು ಯಾರು? ಅದೇ ತುಘಲಕನ ಆಸ್ಥಾನದಲ್ಲಿ ಕೆಲಸಕ್ಕಿದ್ದ ಪ್ರವಾಸಿ ಇಬ್ನ್ ಬತೂತಾ. ಸೆರೆಸಿಕ್ಕು ದಿಲ್ಲಿಗೆ ಹೋಗಿ ಇಸ್ಲಾಮಿಗೆ ಸೇರಿದ ಕಂಪಿಲರಾಯನ ಮಕ್ಕಳಲ್ಲಿ ಕೆಲವರನ್ನು ಅವನು ಕಂಡು ಮಾತಾಡಿದ್ದ. ಇನ್ನು ಆ ಅತಿಥಿಯನ್ನು ಕಟ್ಟಿ ಸುಲ್ತಾನನಿಗೆ ಒಪ್ಪಿಸಿದವನು ದ್ವಾರಸಮುದ್ರದ ಹೊಯ್ಸಳ ಬಲ್ಲಾಳ.

ವಾಚಕರು ಸ್ವಲ್ಪ ಆಲೋಚಿಸಬೇಕು. ಶರಣು ಬಂದ ಒಬ್ಬ ಮುಸಲ್ಮಾನನಿಗಾಗಿ ಒಂದು ಹಿಂದೂ ರಾಜ್ಯವೇ ಪ್ರಾಣ ತೆತ್ತಿತು. ಇನ್ನೊಬ್ಬ ಹಿಂದೂ ಅರಸ ಅವನನ್ನು ಬಿಟ್ಟುಕೊಟ್ಟ. ಕೊಲ್ಲಿಸಿದವನು ಸ್ವಂತ ಬಂಧುವಾದ ಸುಲ್ತಾನ. ಇದನ್ನು ಯಾವ ಮತದ ಯುದ್ಧವೆನ್ನೋಣ? ಕುಮ್ಮಟದ ಹಿರಿಮೆ ಕೊಟ್ಟ ಮಾತಿನಲ್ಲಿದೆ. ಆ ಮಾತನ್ನು ಬಿಟ್ಟು ಬರಿಯ ಕತ್ತಿಯನ್ನು ತೋರಿಸಿದರೆ ಕುಮಾರರಾಮನನ್ನು ಎರಡನೆಯ ಸಲ ಕೊಂದಂತೆ.

ಕುಮ್ಮಟದ ಮಾತು ಹೀಗಾದರೆ, ಅನಂತರದ ವಿಜಯನಗರ-ಬಹಮನಿ ಕಾಳಗಗಳ ಮಾತೂ ಇದಕ್ಕಿಂತ ಬೇರೆಯಲ್ಲ. ಹಿಂದಿನವರು ಎಡೆದೊರೆನಾಡು ಎಂದು ಕರೆದ, ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ, ಇದರ ಕಂದಾಯಕ್ಕಾಗಿ ಎರಡೂ ಕಡೆಯವರು ತಲೆಮಾರುಗಟ್ಟಲೆ ಹೋರಾಡಿದರು. ವಿಜಯನಗರದ ಪ್ರೌಢದೇವರಾಯ ತನ್ನ ಸೈನ್ಯಕ್ಕೆ ಮುಸಲ್ಮಾನ ಬಿಲ್ಲುಗಾರರನ್ನೂ ರಾವುತರನ್ನೂ ಸೇರಿಸಿಕೊಂಡ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಗೆದ್ದಾಗ ಪೋರ್ಚುಗೀಸ್ ಬಂದೂಕುಗಾರರು ಅವನ ಪಕ್ಷದಲ್ಲಿದ್ದರು. 1565ರ ಜನವರಿಯಲ್ಲಿ ಸುಲ್ತಾನರ ಕೈಯಲ್ಲಿ ಮಡಿದ ಅಳಿಯ ರಾಮರಾಯ ಅದಕ್ಕೆ ಮೊದಲು ಅದೇ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಡಿಸಿದವನು. ಗಿರೀಶ ಕಾರ್ನಾಡರು 2018ರಲ್ಲಿ ಪ್ರಕಟವಾದ ತಮ್ಮ ‘ರಾಕ್ಷಸ ತಂಗಡಿ’ ನಾಟಕದಲ್ಲಿ ಈ ಯುದ್ಧವನ್ನು ಅಧಿಕಾರ, ಅಹಂಕಾರಗಳ ಕಥೆಯಾಗಿಯೇ ಕಂಡರು. ನಾಟಕದವರಿಗೆ ಸಾಧ್ಯವಾದದ್ದು ಸಿನೇಮಾದವರಿಗೆ ಏಕೆ ಅಸಾಧ್ಯ?

ಇನ್ನೊಂದು ಮಾತು. ತೆರೆಯ ಮೇಲೆ ದಂಡು ಬೆಳೆಯ ಮೇಲೆ ಹಾದುಹೋಗುತ್ತದೆ. ನೋಡುವವರ ಕಣ್ಣು ಕುದುರೆಯ ಮೇಲಿರುತ್ತದೆ, ಕಾಲ ಕೆಳಗಿನ ಜೋಳದ ಮೇಲೆ ಇರುವುದಿಲ್ಲ. ಆ ಜೋಳ ಯಾರದು? ಈ ದಂಡು ಬಂದರೂ ಆ ದಂಡು ಬಂದರೂ ಕಣಜ ಬರಿದಾಗುತ್ತಿದ್ದದ್ದು ನಮ್ಮ ರೈತನದೇ. ಆನೆಗೊಂದಿಯ ಎದುರು ದಂಡೆಯಲ್ಲಿ ಅರಮನೆಗಳು ಬಿದ್ದು ನಾಲ್ಕೂವರೆ ಶತಮಾನ ಕಳೆಯಿತು. ಆದರೆ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಗಳ ಹಳೆಯ ಕಾಲುವೆಗಳಲ್ಲಿ ನೀರು ಇನ್ನೂ ಹರಿಯುತ್ತಿದೆ, ಭತ್ತ ಇನ್ನೂ ಬೆಳೆಯುತ್ತಿದೆ. ಕಿನ್ನಾಳದ ಚಿತ್ರಗಾರರ ಕೈಯಲ್ಲಿ ಕಟ್ಟಿಗೆಯ ಗೊಂಬೆ ಇನ್ನೂ ಬಣ್ಣ ತಳೆಯುತ್ತಿದೆ. ಅವರ ಹಿರಿಯರು ವಿಜಯನಗರದ ಕಾಲದ ಕುಶಲಿಗಳೆಂದು ಹೇಳಿಕೆಯಿದೆ. ಅರಸ ಗೆದ್ದದ್ದು ಉಳಿಯಲಿಲ್ಲ, ದುಡಿದವನು ಕಟ್ಟಿದ್ದು ಉಳಿಯಿತು. ಕಲ್ಲು ಕಡಿದು ಕಾಲುವೆ ತೋಡಿದವನ ಮುಖವನ್ನು ಯಾವ ಚಿತ್ರ ನಮಗೆ ತೋರಿಸಿದೆ?

ಅರಸರಿಲ್ಲದ ಶೌರ್ಯದ ಕಥೆಗಳಿಗೂ ನಮ್ಮಲ್ಲಿ ಬರವಿಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಇಂಗ್ಲಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಹೋರಾಡಿ ಮಡಿದರು. ಅವರಿಬ್ಬರೂ ಕಿರೀಟ ಧರಿಸಿದವರಲ್ಲ. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಾಗೀರಾಗಿದ್ದವು. 1949ರಲ್ಲಿ ಜಾಗೀರು ರದ್ದಾಗುವ ತನಕ ನಮ್ಮ ಅಜ್ಜಂದಿರು ಇಬ್ಬರು ಒಡೆಯರ ಭಾರ ಹೊತ್ತರು. 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿ ಶಿಬಿರದ ಯುವಕರು ನಿಜಾಮಶಾಹಿಯನ್ನು ಎದುರಿಸಿದರು. ರಜಾಕಾರರ ಹಾವಳಿಯನ್ನು ಕುರಿತು ಚಿತ್ರಗಳು ಬರುತ್ತಿವೆ. ಬರಲಿ, ಆ ಹಾವಳಿ ಸುಳ್ಳಲ್ಲ, ನಮ್ಮ ಮನೆಗಳಲ್ಲಿ ಅದರ ನೆನಪಿದೆ. ಆದರೆ 1948ರ ಆಗಸ್ಟಿನಲ್ಲಿ ಅದೇ ರಜಾಕಾರರನ್ನು ಖಂಡಿಸಿ ಬರೆದು, ಹೈದರಾಬಾದಿನ ಬೀದಿಯಲ್ಲಿ ಪ್ರಾಣ ಕೊಟ್ಟ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರೂ ಆ ಕಥೆಯಲ್ಲಿರಬೇಕು. ಅವರನ್ನು ಬಿಟ್ಟ ಕಥೆ ಅರ್ಧಸತ್ಯ. ಅರ್ಧಸತ್ಯ ಊರು ಒಡೆಯುವುದಕ್ಕೆ ಸುಳ್ಳಿಗಿಂತ ಹೆಚ್ಚು ಬಲವುಳ್ಳದ್ದು.

‘ಸಿನೇಮಾ ಮನರಂಜನೆಗಾಗಿ, ಪಾಠಕ್ಕಾಗಿ ಅಲ್ಲ’ ಎಂದು ಕೆಲವರು ವಾದಿಸಬಹುದು. ಹಾಗಾದರೆ ‘ಇದು ಚರಿತ್ರೆ’ ಎಂದು ಭಿತ್ತಿಪತ್ರದಲ್ಲಿ ಏಕೆ ಸಾರುತ್ತೀರಿ? ಚರಿತ್ರೆಯ ಹೆಸರಿನಲ್ಲಿ ಟಿಕೀಟಿನ ಹಣ ತೆಗೆದುಕೊಂಡ ಮೇಲೆ ಚರಿತ್ರೆಯ ಋಣವನ್ನೂ ತೀರಿಸಬೇಕು. ಚಿತ್ರ ನಿಲ್ಲಿಸಿ, ಪರದೆ ಹರಿಯಿರಿ ಎಂದು ನಾವು ಎಂದೂ ಹೇಳುವುದಿಲ್ಲ. ಅದು ಪುಂಡರ ದಾರಿ. ನಾವು ಕೇಳುವುದು ಇಷ್ಟೇ. ಚಿತ್ರ ತೆಗೆಯುವವರು ಯುದ್ಧವನ್ನು ತೋರಿಸುವಾಗ ಅದರ ಕಾರಣವನ್ನೂ ಅದರ ಬೆಲೆಯನ್ನೂ ತೋರಿಸಲಿ. ಚಿತ್ರಗಳಿಗೆ ಸಹಾಯಧನ ಕೊಡುವ ರಾಜ್ಯ ಸರಕಾರ, ಐತಿಹಾಸಿಕ ಚಿತ್ರದ ಮಾತು ಬಂದಾಗ ಇತಿಹಾಸ ಬಲ್ಲವರನ್ನು ಕೇಳಲಿ. ನಮ್ಮ ಮಾಸ್ತರರು ಮಕ್ಕಳನ್ನು ಕುಮ್ಮಟದುರ್ಗಕ್ಕೂ ಕೊಪ್ಪಳದ ಕೋಟೆಗೂ ಕರೆದೊಯ್ಯಲಿ. ನೋಡುವ ನಾವು, ಚಿತ್ರ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಯುದ್ಧ ಏಕೆ ನಡೆಯಿತು? ಯಾರಿಗೆ ಲಾಭವಾಯಿತು? ಯಾರ ಮನೆ ಹಾಳಾಯಿತು?

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಅವನಿಗಿಂತ ದೊಡ್ಡ ಅರಸ ಈ ನೆಲಕ್ಕೆ ಒಡೆಯನಾಗಲಿಲ್ಲ. ಅವನು ಅಲ್ಲಿ ತನ್ನ ಗೆಲುವನ್ನು ಕೊಚ್ಚಿಕೊಂಡಿಲ್ಲ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವರಿಗೂ ಅದು ಸಾಧ್ಯ ಎಂದು ಸಾರಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಸಣ್ಣವರನ್ನು ಕಂಡ. ಇಂದಿನ ಕ್ಯಾಮರಾ ಏಕೆ ಕಾಣಬಾರದು?