ಸೂಜಿ-ದಾರ: ಅಜ್ಜಿಯ ಧಾರೆ ಸೀರೆ, ಮೊಮ್ಮಗಳ ಲಂಗ



ಈ ಸಲ ರವಿಕೆಯ ತೋಳಿನ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಸಾಗರದ ಕಡೆಯ ಒಬ್ಬ ಸೋದರಿಯ ಪತ್ರ ಬಂತು. ಅದನ್ನು ಓದಿದ ಮೇಲೆ ತೋಳು ಇನ್ನೊಂದು ಹದಿನೈದು ದಿನ ಕಾಯಲಿ ಅನ್ನಿಸಿತು.

ಅವರ ತಾಯಿ ತೀರಿಕೊಂಡು ಎರಡು ವರ್ಷವಾಯಿತಂತೆ. ತಾಯಿಯ ಧಾರೆ ಸೀರೆ, ಅರಿಶಿನ ಬಣ್ಣದ ಕಂಚಿ ಸೀರೆ, ಟ್ರಂಕಿನಲ್ಲಿದೆ. ಏಳು ವರ್ಷದ ಮಗಳಿಗೆ ಅದರಲ್ಲಿ ಲಂಗ ಹೊಲಿಯಬೇಕೆಂದು ಇವರಿಗೆ ಆಸೆ. ಅಕ್ಕನಿಗೆ ಮಾತ್ರ ಸುತರಾಂ ಇಷ್ಟವಿಲ್ಲ. "ಅದಕ್ಕೆ ಕತ್ತರಿ ಹಾಕಿದರೆ ಅಮ್ಮನಿಗೇ ಕತ್ತರಿ ಹಾಕಿದ ಹಾಗೆ" ಅಂದಳಂತೆ. ಯುಗಾದಿ ಆದ ಮೇಲೆ ಅಕ್ಕತಂಗಿಯರಲ್ಲಿ ಮಾತಿಲ್ಲ. "ನೀವೇ ಹೇಳಿ, ಕತ್ತರಿಸಲೋ ಬೇಡವೋ?" ಎಂದು ಕೇಳಿದ್ದಾರೆ.

ನನಗೆ ಶಾಸ್ತ್ರ ಅಷ್ಟಾಗಿ ಗೊತ್ತಿಲ್ಲ. ಬಟ್ಟೆಯ ಮಾತಾದರೆ ಹೇಳಬಲ್ಲೆ. ಟ್ರಂಕಿನಲ್ಲಿಟ್ಟ ಮಾತ್ರಕ್ಕೆ ರೇಷ್ಮೆ ಹಾಗೇ ಇರುತ್ತದೆ ಅಂತ ತಿಳಿಯಬೇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಮಡಿಕೆಯ ಗೆರೆಯಲ್ಲೇ ನೂಲು ಮುರಿಯುತ್ತಾ ಬರುತ್ತದೆ. ಜರತಾರಿ ಕಪ್ಪಾಗುತ್ತದೆ. ಕೊನೆಗೆ ಒಂದು ದಿನ ತೆಗೆದು ಕೊಡವಿದರೆ ಹಪ್ಪಳದ ಹಾಗೆ ಬಿರುಕು ಬಿಡುತ್ತದೆ. ಆಮೇಲೆ ಅದನ್ನು ಕೇಳುವವರು ಯಾರು ಅಂದರೆ, "ಹಳೇ ರೇಷ್ಮೆ ಸೀರೆ ತಗೊಳ್ತೀವಿ" ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರು. ಅವರಿಗೆ ಬೇಕಾದ್ದು ಸೀರೆಯಲ್ಲ, ಅಸಲಿ ಜರಿಯೊಳಗಿನ ಬೆಳ್ಳಿ. ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಕತ್ತರಿಗಿಂತ ಅದು ಮೇಲೆ ಅಂತ ಯಾವ ಅಕ್ಕ ತಾನೇ ಅಂದಾಳು?

ಹಾಗೆಂದು ಇವತ್ತೇ ಕತ್ತರಿ ಹಿಡಿದು ಕೂರಬೇಡಿ. ಮೊದಲು ಸೀರೆಗೆ ಜೀವ ಇದೆಯೋ ಇಲ್ಲವೋ ನೋಡಬೇಕು.

ಹಗಲು ಹೊತ್ತಿನಲ್ಲಿ ಕಿಟಕಿಗೆ ಎದುರಾಗಿ ಸೀರೆಯನ್ನು ಬಿಡಿಸಿ ಹಿಡಿಯಿರಿ. ಬೆಳಕು ಎಲ್ಲೆಲ್ಲಿ ಚುಕ್ಕಿಚುಕ್ಕಿಯಾಗಿ ತೂರಿ ಬರುತ್ತದೋ ಅಲ್ಲಿ ಗುಂಡುಸೂಜಿಯ ಬದಲು ಒಂದು ಎಳೆ ಬಿಳಿ ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಆಮೇಲೆ ಬೆರಳಿನ ಪರೀಕ್ಷೆ. ಎರಡು ಹೆಬ್ಬೆರಳನ್ನು ಒಂದಿಂಚು ದೂರದಲ್ಲಿಟ್ಟು ಬಟ್ಟೆಯನ್ನು ಮೆಲ್ಲಗೆ ಎಳೆಯಿರಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಟ್ರಂಕಿನ ಮಡಿಕೆಯ ಮೇಲೆ ಒಂದು ಸಲ, ಸೆರಗು ಹೆಗಲ ಮೇಲೆ ಕೂರುವ ಜಾಗದಲ್ಲಿ ಒಂದು ಸಲ, ಕೆಳಗಿನ ಅಂಚಿನ ಹತ್ತಿರ ಒಂದು ಸಲ. ಬಟ್ಟೆ ಎಳೆದು ಬಿಟ್ಟ ಮೇಲೆ ಸುಮ್ಮನೆ ಮೊದಲಿನಂತಾದರೆ ಗಟ್ಟಿಯಾಗಿದೆ. ಚರ್ ಅಂತ ಸಣ್ಣ ಸದ್ದು ಬಂದರೆ ಅಲ್ಲಿಗೆ ಸೂಜಿ ಹಾಕುವುದು ವ್ಯರ್ಥ. ಕಂಚಿ ಸೀರೆಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಹಳೆಯ ಸೀರೆಗಳಲ್ಲಿ ಅಂಚನ್ನು ಬೇರೆ ನೂಲಿನಿಂದ ಕೋದು ನೇಯ್ದಿರುತ್ತಾರೆ. ಬಿಡುವುದು ಮೊದಲು ಆ ಸಂದಿಯೇ.

ಈ ಪರೀಕ್ಷೆಯಲ್ಲಿ ಪಾಸಾದರೆ ಸಂತೋಷ. ಫಾಲ್ ಬಿಚ್ಚಿ, ನೆರಳಿನಲ್ಲಿ ಒಂದು ದಿನ ಗಾಳಿಗೆ ಹಾಕಿ, ಉದ್ದ ಅಳೆಯಿರಿ.

ಈಗ ಲೆಕ್ಕ. ಸೀರೆ ಆರು ಗಜ ಅಂತ ಇಟ್ಟುಕೊಳ್ಳೋಣ. ಏಳು ವರ್ಷದ ಹುಡುಗಿಯ ಸೊಂಟ ಸುಮಾರು 21 ಇಂಚು, ಸೊಂಟದಿಂದ ಕಾಲಿನ ಗಂಟಿನವರೆಗೆ 26 ಇಂಚು ಬರಬಹುದು. ನಿಮ್ಮ ಮಗುವನ್ನು ನಿಲ್ಲಿಸಿ ಟೇಪು ಹಿಡಿದೇ ಅಳೆಯಿರಿ, ನನ್ನ ಅಂಕಿಯನ್ನು ನಂಬಿ ಕೂರಬೇಡಿ. ಲಂಗದ ಘೇರು ಸೊಂಟದ ನಾಲ್ಕರಷ್ಟಿದ್ದರೆ ನೋಡಲು ಚೆನ್ನ, ಅಂದರೆ ಎರಡೂವರೆ ಗಜ ಸಾಕು. ಆರು ಗಜದಲ್ಲಿ ಎರಡೂವರೆ ಹೋದರೆ ಉಳಿದದ್ದು ಮೂರೂವರೆ. ಅದರಲ್ಲಿ ಇನ್ನೊಂದು ಎರಡೂವರೆ ಗಜದ ಲಂಗವಾಗುತ್ತದೆ. ಮಿಕ್ಕಿದ್ದು ಒಂದು ಗಜ, ಅದು ಸೆರಗು.

ಸಾಗರದ ಸೋದರಿಯೇ, ನಿಮ್ಮ ಅಕ್ಕನಿಗೂ ಒಂಬತ್ತು ವರ್ಷದ ಮಗಳಿದ್ದಾಳೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಒಂದೇ ಸೀರೆಯಲ್ಲಿ ಇಬ್ಬರು ಮೊಮ್ಮಕ್ಕಳಿಗೂ ಲಂಗವಾಗುತ್ತದೆ. ಸೆರಗಿಗೆ ಮಾತ್ರ ಕತ್ತರಿ ತಾಗಿಸಬೇಡಿ. ಅದನ್ನು ಇಡಿಯಾಗಿ ತೆಗೆದು, ಬಿಳಿ ಪಂಚೆಯಲ್ಲಿ ಸುತ್ತಿ ಅಕ್ಕನ ಕೈಗೇ ಕೊಡಿ. ಅಮ್ಮನ ನೆನಪಿಗೆ ಒಂದು ತುಂಡು ಇಡಿಯಾಗಿ ಇರಲಿ ಅನ್ನುವುದು ಅವರ ಆಸೆಯಲ್ಲವೇ? ಅದೇನೂ ತಪ್ಪಲ್ಲ. ಆದರೆ ಇದನ್ನು ಕಾಗದದಲ್ಲಿ ಬರೆಯಬೇಡಿ. ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೇ ಹೋಗಿ, ಇಬ್ಬರೂ ಕೂತು ಬೆರಳಿನ ಪರೀಕ್ಷೆ ಮಾಡಿ. ಮಡಿಕೆಯ ಗೆರೆಯನ್ನು ಅವರೇ ಕಣ್ಣಾರೆ ನೋಡಲಿ. ಆಮೇಲೂ ಬೇಡ ಅಂದರೆ ಬಿಟ್ಟುಬಿಡಿ. ಲಂಗ ಬೇರೆ ಬಟ್ಟೆಯಲ್ಲೂ ಆಗುತ್ತದೆ, ಅಕ್ಕ ಬೇರೆ ಸಿಗುವುದಿಲ್ಲ.

ಇನ್ನು ಕತ್ತರಿಸುವ ಕೆಲಸ. ಸೀರೆಯ ಅಂಚೇ ಲಂಗದ ಕೆಳಭಾಗಕ್ಕೆ ಬರಬೇಕು, ಆಗ ಕೆಳಗೆ ಮಡಿಸಿ ಹೊಲಿಯುವ ಕೆಲಸವೇ ಇಲ್ಲ. ಎರಡು ಅಂಚಿನಲ್ಲಿ ಯಾವುದು? ಉಡುವಾಗ ನೆಲಕ್ಕೆ ತಾಗುವ ಅಂಚು ಸವೆದಿರುತ್ತದೆ. ಸೊಂಟದಲ್ಲಿ ಸಿಕ್ಕಿಸುವ ಅಂಚು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಬೆವರಿನಿಂದ ಜರಿ ಕಪ್ಪಾಗಿಲ್ಲವೇ ಎಂದು ಮಾತ್ರ ನೋಡಿಕೊಳ್ಳಿ. ಎರಡೂ ಅಂಚು ಒಂದೇ ಅಗಲವಿದ್ದರೆ ಮೇಲಿನದನ್ನೇ ಲಂಗಕ್ಕೆ ತೆಗೆದುಕೊಳ್ಳಿ.

ಲಂಗದ ಉದ್ದ 26, ಮೂರು ಟಕ್ಕಿಗೆ 6, ಸೊಂಟದ ಹೊಲಿಗೆಗೆ 1, ಒಟ್ಟು 33 ಇಂಚು. ಸೀರೆಯ ಅಗಲ 46 ಇಂಚಿದ್ದರೆ ಇನ್ನೊಂದು ಅಂಚಿನ ಸಮೇತ 13 ಇಂಚಿನ ಪಟ್ಟಿ ಉಳಿಯುತ್ತದೆ. ಮಗುವಿನ ಜಾಕೀಟು ಅದರಲ್ಲೇ ಆಯಿತು, ತೋಳಿಗೆ ಅಂಚೂ ಬಂತು. ಅಂಚನ್ನು ಅಡ್ಡಕ್ಕೆ ಕತ್ತರಿಸುವ ಮೊದಲು ಆ ಗೆರೆಯ ಎರಡೂ ಕಡೆ ಒಂದೊಂದು ಸಾಲು ಹೊಲಿಗೆ ಹಾಕಿಬಿಡಿ. ಇಲ್ಲದಿದ್ದರೆ ಜರಿಯ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಟಕ್ಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈಗಿನವರು ಇದನ್ನು ಬಿಟ್ಟೇಬಿಟ್ಟಿದ್ದಾರೆ. ಒಂದು ಸಲ ಹಾಕಿ ಫೋಟೋ ತೆಗೆದರೆ ಮುಗಿಯಿತು ಅನ್ನುವ ಲಂಗಕ್ಕೆ ಟಕ್ಕು ಯಾಕೆ ಅಂತಾರೆ. ಈ ವಯಸ್ಸಿನ ಮಗು ವರ್ಷಕ್ಕೆ ಎರಡರಿಂದ ಎರಡೂವರೆ ಇಂಚು ಎತ್ತರವಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಬೆಳವಣಿಗೆ. ಒಂದಿಂಚಿನ ಟಕ್ಕು ಬಿಚ್ಚಿದರೆ ಎರಡು ಇಂಚು ಬಟ್ಟೆ ಸಿಗುತ್ತದೆ, ಅಂದರೆ ಸುಮಾರು ಒಂದೂವರೆ ವರ್ಷದ ಬೆಳವಣಿಗೆಗೆ ಸಾಕು. ಮೂರು ಟಕ್ಕು ಅಂದರೆ ನಾಲ್ಕು ವರ್ಷಕ್ಕೆ ಮೋಸವಿಲ್ಲ. ನಮ್ಮ ಅತ್ತೆಯವರ ನವಿಲುಬಣ್ಣದ ಸೀರೆಯಲ್ಲಿ ನನ್ನ ಮಗಳಿಗೆ ಹೊಲಿದ ಲಂಗ ಎರಡನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಪ್ರತಿ ಗೌರಿಹಬ್ಬಕ್ಕೂ ಬಂತು. ಹಬ್ಬದ ಹಿಂದಿನ ದಿನ ಟಕ್ಕು ಬಿಚ್ಚುವುದನ್ನು ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಎಷ್ಟು ಬೆಳೆದೆ ಅನ್ನುವುದಕ್ಕೆ ಅವಳಿಗೆ ಅದೇ ಅಳತೆಗೋಲು.

ಮೊದಲನೆಯ ಟಕ್ಕನ್ನು ಅಂಚಿನ ಮೇಲುಗೆರೆಗೆ ಸರಿಯಾಗಿ, ಬಟ್ಟೆಯ ಒಳಮಗ್ಗುಲಿಗೆ ಹಿಡಿಯಿರಿ. ಹೊಲಿಗೆಯ ಸಾಲು ಅಂಚಿನ ಗೆರೆಯಲ್ಲೇ ಕರಗಿಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಅಂಚಿನ ಸಂದಿ ಸ್ವಲ್ಪ ಸಡಿಲವಾಗಿದ್ದರೆ ಹಿಂದುಗಡೆ ಒಂದಿಂಚು ಅಗಲದ ತೆಳು ಹತ್ತಿಬಟ್ಟೆಯ ಪಟ್ಟಿ ಇಟ್ಟು, ಅದನ್ನೂ ಸೇರಿಸಿ ಹೊಲಿಯಿರಿ. ಉಳಿದೆರಡು ಟಕ್ಕು ಅದರ ಮೇಲೆ ಅರ್ಧರ್ಧ ಇಂಚು ಬಿಟ್ಟು, ಹೆಂಚು ಹೊದಿಸಿದ ಹಾಗೆ ಒಳಗಡೆ ಒಂದರ ಮೇಲೊಂದು ಕೂರಲಿ. ಬಿಚ್ಚುವಾಗ ಎಲ್ಲಕ್ಕಿಂತ ಮೇಲಿನದು ಮೊದಲು, ಅಂಚಿನದು ಕೊನೆಗೆ.

ಟಕ್ಕಿಗೆ ಮಷೀನು ಬೇಡ. ಸಣ್ಣ ಸೂಜಿಯಲ್ಲಿ ಒಂಟಿ ದಾರ ಹಾಕಿ, ಕಾಲಿಂಚಿಗೊಂದರಂತೆ ಉದ್ದ ಓಟದ ಹೊಲಿಗೆ ಸಾಕು. ಒಂದು ಟಕ್ಕಿಗೆ ಒಂದು ಸಂಜೆ ಹಿಡಿಯುತ್ತದೆ ನಿಜ. ಆದರೆ ಮಷೀನಿನ ತೂತು ರೇಷ್ಮೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ, ಬಿಚ್ಚಿದ ಮೇಲೆ ಸಾಲಾಗಿ ಹಲ್ಲು ಕಿರಿಯುತ್ತದೆ. ಕೈಹೊಲಿಗೆಯ ತೂತು ಉಗುರಿನಿಂದ ಮೆಲ್ಲಗೆ ಸವರಿದರೆ ಬಹುಪಾಲು ಕೂಡಿಕೊಳ್ಳುತ್ತದೆ. ಅಷ್ಟಾಗಿಯೂ ಗುರುತು ಉಳಿದರೆ ಆ ಗೆರೆಯ ಮೇಲೆ ಕಿರಿದಾದ ಜರಿ ಲೇಸು ಕೊಡಿ. ನೋಡಿದವರು ಹೊಸ ಫ್ಯಾಷನ್ ಅಂದುಕೊಳ್ಳುತ್ತಾರೆ.

ಮಷೀನು ಬೇಕಾದ ಕಡೆ 11ನೇ ನಂಬರಿನ ಹೊಸ ಸೂಜಿ ಹಾಕಿ. ನಿನ್ನೆ ಪರದೆ ಹೊಲಿದ 16ನೇ ನಂಬರಿನ ಸೂಜಿ ಈ ಕೆಲಸಕ್ಕೆ ಬಾರದು. ಹೊಲಿಗೆಯೂ ತೀರ ಪುಟ್ಟದಿರಬಾರದು, ಇಂಚಿಗೆ ಹತ್ತು ಹನ್ನೆರಡು ಸಾಕು. ಒತ್ತೊತ್ತಾಗಿ ಹಾಕಿದರೆ ಗಟ್ಟಿ ಅಂತ ತಿಳಿಯುವವರಿದ್ದಾರೆ. ಹಳೆಯ ರೇಷ್ಮೆಗೆ ಅದು ಅಂಚೆಚೀಟಿಯ ತೂತಿದ್ದ ಹಾಗೆ, ಎಳೆದರೆ ಅಲ್ಲೇ ಹರಿಯುತ್ತದೆ.

ಸೊಂಟದಲ್ಲಿ ನೆರಿಗೆಯೋ ಸುಕ್ಕೋ ಎಂದು ಕೇಳಿದರೆ ಹಳೆಯ ಸೀರೆಗೆ ಸುಕ್ಕೇ ಸರಿ ಅನ್ನುತ್ತೇನೆ. ನೆರಿಗೆ ಇಟ್ಟು ಇಸ್ತ್ರಿ ಒತ್ತಿದರೆ ನಾವೇ ಹೊಸ ಮಡಿಕೆ ಮಾಡಿ ಹೊಸ ಬಿರುಕಿಗೆ ದಾರಿ ಮಾಡಿಕೊಟ್ಟಂತೆ. ಮಷೀನಿನಲ್ಲಿ ಅತಿ ಉದ್ದದ ಹೊಲಿಗೆ ಇಟ್ಟು, ದಾರದ ಬಿಗಿ ಸಡಿಲಿಸಿ, ಮೇಲಂಚಿನಿಂದ ಕಾಲಿಂಚಿಗೊಂದು, ಅರ್ಧ ಇಂಚಿಗೊಂದು, ಹೀಗೆ ಎರಡು ಸಾಲು ಹಾಕಿ. ಬಾಬಿನ್ ದಾರ ಹಿಡಿದು ಎಳೆದರೆ ಸುಕ್ಕು ಬರುತ್ತದೆ. ಘೇರನ್ನೂ ಸೊಂಟವನ್ನೂ ನಾಲ್ಕು ಭಾಗ ಮಾಡಿ ಗುರುತಿಟ್ಟುಕೊಂಡರೆ ಸುಕ್ಕು ಒಂದೇ ಕಡೆ ಗುಂಪಾಗುವುದಿಲ್ಲ. ಹಿಂದಿನ ಹೊಲಿಗೆಯಲ್ಲಿ ಮೇಲೆ ಐದು ಇಂಚು ತೆರೆದು ಬಿಡುವುದು ನಿಮಗೆ ಗೊತ್ತೇ ಇದೆ.

ಚಿಕ್ಕ ಮಕ್ಕಳಿಗೆ ಲಾಡಿ ಕಟ್ಟಿದರೆ ಒಂದೋ ಜಾರುತ್ತದೆ, ಇಲ್ಲವೇ ಹೊಟ್ಟೆಗೆ ಒತ್ತುತ್ತದೆ. ಆದ್ದರಿಂದ ಲಂಗವನ್ನು ತೋಳಿಲ್ಲದ ಹತ್ತಿ ಬಾಡಿಗೆ ಸೇರಿಸಿಬಿಡಿ. ಲಂಗದ ಭಾರ ಹೆಗಲು ಹೊರುತ್ತದೆ, ರೇಷ್ಮೆಗೂ ಜಗ್ಗಾಟ ತಪ್ಪುತ್ತದೆ. ಮೇಲೆ ಜಾಕೀಟು ಬರುವುದರಿಂದ ಬಾಡಿ ಕಾಣುವುದೂ ಇಲ್ಲ.

ಲೈನಿಂಗಿಗೆ ತೆಳು ಹತ್ತಿಬಟ್ಟೆ ತನ್ನಿ. ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಅದು ಲಂಗಕ್ಕಿಂತ ಒಂದಿಂಚು ಗಿಡ್ಡವಿರಲಿ, ಘೇರು 60 ಇಂಚು ಸಾಕು. ಸೊಂಟದಲ್ಲಿ ಮಾತ್ರ ಸೇರಿಸಿ, ಕೆಳಗೆ ಬಿಡಿಯಾಗಿರಲಿ. ಅದಕ್ಕೂ ಮೂರು ಟಕ್ಕು ಹಿಡಿಯಲು ಮರೆಯಬೇಡಿ, ಲಂಗ ಇಳಿದಾಗ ಲೈನಿಂಗೂ ಇಳಿಯಬೇಕಲ್ಲ! ಜಾಕೀಟಿನ ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಇಂಚು ಒಳಬಟ್ಟೆ ಬಿಟ್ಟರೆ ಮುಂದೆ ಎರಡೂವರೆ, ಮೂರು ಇಂಚು ಸಡಿಲಿಸಬಹುದು.

ಮೈಸೂರು ರೇಷ್ಮೆಯ ಸೀರೆ ಇರುವವರಿಗೆ ಒಂದು ಮಾತು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಸೀರೆ ಕ್ರೇಪ್ ಬಟ್ಟೆ, ಅದರ ನೂಲಿಗೆ ಚೆನ್ನಾಗಿ ಹುರಿ ಹಾಕಿರುತ್ತಾರೆ. ಮೈಮೇಲೆ ಹರಿದು ಬೀಳುವ ಅಂದ ಅದರಿಂದಲೇ, ಕತ್ತರಿಸುವಾಗ ಜಾರುವ ತೊಂದರೆಯೂ ಅದರಿಂದಲೇ. ಅಡಿಗೆ ತೆಳುವಾದ ಬಿಳಿ ಕಾಗದ ಹಾಸಿ, ಕಾಗದದ ಸಮೇತ ಕತ್ತರಿಸಿ, ಕಾಗದದ ಸಮೇತವೇ ಹೊಲಿದು ಆಮೇಲೆ ಕಾಗದ ಹರಿದು ತೆಗೆಯಿರಿ. ಸುದ್ದಿಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಉತ್ತರ ಕರ್ನಾಟಕದ ಸೋದರಿಯರ ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿರುತ್ತಾರೆ. ಆ ಕೂಡುಗೆರೆಯಲ್ಲಿ ಕತ್ತರಿ ಆಡಿಸಿದರೆ ಸೆರಗೇ ಬಿಚ್ಚಿಕೊಂಡೀತು. ನಾಲ್ಕು ಇಂಚು ಈಚೆಗೆ, ಒಡಲಿನಲ್ಲೇ ಕತ್ತರಿಸಿ.

ಬೆರಳಿನ ಪರೀಕ್ಷೆಯಲ್ಲಿ ಸೀರೆ ಫೇಲಾದರೆ? ಒಡಲು ಹೋದರೂ ಅನೇಕ ಸಲ ಅಂಚು ಗಟ್ಟಿಯಾಗಿರುತ್ತದೆ. ಅರ್ಧ ಇಂಚು ಒಡಲಿನ ಬಟ್ಟೆ ಬಿಟ್ಟುಕೊಂಡು ಅಂಚನ್ನು ಬಿಡಿಸಿ, ಅದನ್ನು ಒಳಗೆ ಮಡಿಸಿ, ಹೊಸ ಬಟ್ಟೆಯ ಲಂಗಕ್ಕೆ ಕೈಯಲ್ಲೇ ಹೆಮ್ಮಿಂಗು ಮಾಡಿ ಕೂರಿಸಿ. ಹೊಸ ಬಟ್ಟೆ ಕುಗ್ಗುವ ಜಾತಿಯದಾದರೆ ಮೊದಲೇ ನೆನೆಸಿ ಒಣಗಿಸಿರಬೇಕು, ಇಲ್ಲವಾದರೆ ಅಂಚು ಮುದುರುತ್ತದೆ.

ಹೊಲಿದ ಲಂಗವನ್ನು ಮನೆಯಲ್ಲಿ ಒಗೆಯಬೇಡಿ. ಹಾಕಿ ತೆಗೆದ ದಿನ ತಿರುವಿ ನೆರಳಲ್ಲಿ ಹರವಿ, ಬೆವರು ಆರಿದ ಮೇಲೆ ಹಳೆಯ ಬಿಳಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿಡಿ. ಇಸ್ತ್ರಿ ಬೇಕೆಂದರೆ ಒಳಮಗ್ಗುಲಿನಿಂದ, ಮೇಲೊಂದು ಹತ್ತಿಬಟ್ಟೆ ಹಾಕಿ, ನೀರು ಚಿಮುಕಿಸದೆ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಅಕ್ಕನ ಹತ್ತಿರ ಇರುವ ಆ ಸೆರಗಿನ ಮಡಿಕೆಯನ್ನೂ ಹಾಗೆಯೇ ಬದಲಿಸುತ್ತಿರಬೇಕು. ನೀವು ಹೋದಾಗ ನೆನಪಿಸಿ.

ಟಕ್ಕಿಗೆ ಬಳಸಿದ ದಾರದ ಉಂಡೆಯನ್ನು ಎಸೆಯಬೇಡಿ. ಒಂದು ಲಕೋಟೆಯಲ್ಲಿ ಹಾಕಿ, ಹೊಲಿದ ತಾರೀಖು, ಮಗುವಿನ ಅಂದಿನ ಉದ್ದ, ಎಷ್ಟು ಟಕ್ಕು ಉಳಿದಿದೆ ಎಲ್ಲ ಮೇಲೆ ಬರೆದು ಲಂಗದ ಜೊತೆಯಲ್ಲೇ ಇಡಿ. ರವಿಕೆಯ ತೋಳು ಮುಂದಿನ ಸಂಚಿಕೆಗೆ. ತೋಳು ಎಳೆಯುತ್ತದೆ ಎಂದು ಬರೆಯುವವರು ತೋಳಿನ ಸುತ್ತಳತೆಯನ್ನೂ ಬರೆದು ಕಳಿಸಿ.